ಲೆಕ್ಕಕ್ಕೆ ಬಾರದ ಬಳ್ಳಿ

ದ್ರಾಕ್ಷಿಯ ತಳಿಯೊಂದು ಅಳಿದುಹೋಗಲು ರೋಗವೇ ಬರಬೇಕೆಂದಿಲ್ಲ, ಬರವೇ ಬೀಳಬೇಕೆಂದಿಲ್ಲ. ಸುಗ್ಗಿಯಲ್ಲಿ ಅರ್ಧ ನನಗೆ, ಅರ್ಧ ನಿನಗೆ ಎಂದು ಪಾಲು ಹಾಕುವ ಪದ್ಧತಿಯೊಂದಿದ್ದರೆ ಅಷ್ಟೇ ಸಾಕು. ಇಟಲಿಯ ಪೂರ್ವ ಕರಾವಳಿಯಲ್ಲಿರುವ ಮಾರ್ಕೆ ಪ್ರಾಂತ್ಯದಲ್ಲಿ ಪೆಕೊರಿನೊ ಎಂಬ ಬಿಳಿ ದ್ರಾಕ್ಷಿಗೆ ಆದದ್ದು ಬಹುಮಟ್ಟಿಗೆ ಇದೇ. ಇವತ್ತು ಇಟಲಿಯ ಒಳ್ಳೆಯ ಡ್ರೈ ವೈನ್‌ಗಳ ಮಾತು ಬಂದಾಗ ಆ ಹೆಸರನ್ನು ಬಿಡುವಂತಿಲ್ಲ. ನಲವತ್ತೈದು ವರ್ಷದ ಹಿಂದೆ ಅದನ್ನು ಬಾಟಲಿಯ ಮೇಲೆ ಕಂಡವರು ಯಾರೂ ಇರಲಿಲ್ಲ.

ಮಾರ್ಕೆಯ ಗುಡ್ಡಗಳಲ್ಲಿ ಶತಮಾನಗಳ ಕಾಲ ನಡೆದದ್ದು ಮೆದ್ಸಾದ್ರಿಯಾ ಎಂಬ ಬೇಸಾಯ. ಜಮೀನು ಮತ್ತು ಮನೆ ಧಣಿಯದು, ದುಡಿಮೆ ಒಕ್ಕಲು ಕುಟುಂಬದ್ದು, ಬಂದ ಬೆಳೆ ಇಬ್ಬರಿಗೂ ಅರ್ಧರ್ಧ. 1974ರ ಭೂಸುಧಾರಣೆಗೆ ಮುಂಚೆ ನಮ್ಮಲ್ಲಿ ಕೋರು, ವಾರ ಎಂದೆಲ್ಲ ಕರೆದು ಮಾಡುತ್ತಿದ್ದ ಬೇಸಾಯವನ್ನು ಕಂಡ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತನ್ನ ಪಾಲಿನ ಅರ್ಧದಲ್ಲೇ ಮನೆಮಂದಿಯೆಲ್ಲ ಉಣ್ಣಬೇಕು. ಆ ಸೀಮೆಯಲ್ಲಿ ವೈನ್ ಹಬ್ಬದ ಪಾನೀಯವಲ್ಲ, ಹೊಲದಲ್ಲಿ ಅಗೆಯುವವನ ದಿನನಿತ್ಯದ ಆಹಾರ. ಹೀಗಿರುವಾಗ ಒಕ್ಕಲಿನವನು ಯಾವ ಬಳ್ಳಿ ನೆಡುತ್ತಾನೆ? ಹೆಚ್ಚು ಬಿಡುವುದನ್ನು. ಧಣಿಗೂ ಅದೇ ಬೇಕು. ರುಚಿಯನ್ನು ಎರಡು ಪಾಲು ಮಾಡಲಾಗುವುದಿಲ್ಲ, ಕೊಡಗಳನ್ನು ಮಾಡಬಹುದು.

ಪೆಕೊರಿನೊ ಈ ಲೆಕ್ಕಕ್ಕೆ ಹೇಳಿಮಾಡಿಸಿದ ಶತ್ರು. ಗೊಂಚಲು ಸಣ್ಣದು, ಕಾಯಿ ಸಣ್ಣದು. ಕಡ್ಡಿಯ ಬುಡದ ಕಣ್ಣುಗಳು ಹೆಚ್ಚಾಗಿ ಬರಡು. ಬೇರೆ ಬಳ್ಳಿಗಳಿಗೆ ಮಾಡುವಂತೆ ಗಿಡ್ಡ ಚಾಟ್ನಿ ಮಾಡಿದರೆ ಎಲೆ ಬರುತ್ತದೆ, ಹಣ್ಣು ಬರುವುದಿಲ್ಲ. ಉದ್ದ ಕಡ್ಡಿ ಬಿಟ್ಟು, ಬಗ್ಗಿಸಿ ತಂತಿಗೆ ಕಟ್ಟಬೇಕು. ಅಷ್ಟು ಮಾಡಿದರೂ ಬುಟ್ಟಿ ತುಂಬುವ ಭರವಸೆ ಇಲ್ಲ. ಇದು ಸಾಲದೆಂಬಂತೆ ಊರಿನ ಉಳಿದ ದ್ರಾಕ್ಷಿಗಿಂತ ಎಷ್ಟೋ ಮೊದಲು, ಆಗಸ್ಟ್ ಕೊನೆ ಸೆಪ್ಟೆಂಬರ್ ಆರಂಭದ ಹೊತ್ತಿಗೇ ಹಣ್ಣಾಗಿಬಿಡುತ್ತದೆ. ಅದಕ್ಕೊಂದು ಬೇರೆಯೇ ಕೊಯ್ಲು, ಬೇರೆ ಆಳು. ಸುತ್ತಲ ಬಳ್ಳಿಗಳಲ್ಲಿ ಇನ್ನೂ ಹುಳಿಗಾಯಿ ಇರುವಾಗ ಇದೊಂದರಲ್ಲೇ ಸಕ್ಕರೆ ತುಂಬಿದ್ದರೆ ಹಕ್ಕಿಗಳು, ಕಣಜಗಳು ಎಲ್ಲಿಗೆ ಬರುತ್ತವೆ ಎಂದು ತೋಟ ಮಾಡಿದವರಿಗೆ ಗೊತ್ತು. ಕುರಿಗಳೂ ಬರುತ್ತಿದ್ದವಂತೆ. ಇಟಾಲಿಯನ್ನಿನಲ್ಲಿ ಕುರಿಗೆ ಪೆಕೊರಾ ಎನ್ನುತ್ತಾರೆ. ಬೇಸಿಗೆಯ ಮೇವು ಮುಗಿಸಿ ಬೆಟ್ಟದಿಂದ ಇಳಿಯುವ ಮಂದೆ ದಾರಿಯಲ್ಲಿ ಈ ಹಣ್ಣಿಗೆ ಬಾಯಿ ಹಾಕುತ್ತಿದ್ದರಿಂದ ಆ ಹೆಸರು ಬಂತೆಂದು ಹೇಳುತ್ತಾರೆ. ಅದೇ ಹೆಸರಿನ ಕುರಿಹಾಲಿನ ಚೀಸ್ ಲೋಕಪ್ರಸಿದ್ಧ. ವೈನ್ ಅಂಗಡಿಯಲ್ಲಿ ಪೆಕೊರಿನೊ ಕೇಳಿದರೆ ಚೀಸ್ ಪಕ್ಕದ ಅಂಗಡಿಯಲ್ಲಿ ಸಿಗುತ್ತದೆ ಎಂದು ಕಳಿಸುವವರು ಇಂದಿಗೂ ಇದ್ದಾರೆ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಯುರೋಪಿನ ತೋಟಗಳನ್ನೆಲ್ಲ ಫಿಲೊಕ್ಸೆರಾ ಎಂಬ ಬೇರುಹೇನು ತಿಂದುಹಾಕಿತು. ಇಟಲಿಯಲ್ಲಿ ಅದು ಮೊದಲು ಕಂಡದ್ದು 1879ರಲ್ಲಿ. ಹೇನನ್ನು ತಾಳಿಕೊಳ್ಳುವ ಅಮೆರಿಕದ ಬೇರಿನ ಮೇಲೆ ಊರಿನ ಕಡ್ಡಿಯನ್ನು ಕಸಿಮಾಡುವುದೊಂದೇ ಅದಕ್ಕೆ ದಾರಿಯಾಯಿತು. ಕತೆಗಳಲ್ಲಿ ತಳಿಗಳ ಸಾವನ್ನು ಈ ಹೇನಿನ ತಲೆಗೇ ಕಟ್ಟುವುದು ರೂಢಿ. ಆದರೆ ಹೇನು ಎಲ್ಲ ಬಳ್ಳಿಗಳನ್ನೂ ಒಂದೇ ಸಮ ತಿಂದಿತು. ಯಾವುದನ್ನು ಮತ್ತೆ ನೆಡಬೇಕು, ಯಾವುದನ್ನು ಬಿಡಬೇಕು ಎಂದು ಆರಿಸಿದವರು ಮನುಷ್ಯರು. ಹಳೆಯ ತೋಟದಲ್ಲಿ ಹತ್ತು ತಳಿ ಬೆರೆತು ಬೆಳೆಯುತ್ತಿದ್ದ ಕಡೆ, ಹೊಸದಾಗಿ ನೆಡುವಾಗ ಒಂದೆರಡನ್ನಷ್ಟೇ ಆರಿಸಬೇಕಾದ ಸಮಯ ಬಂತು. ಗೆದ್ದದ್ದು ತ್ರೆಬ್ಬಿಯಾನೊ. ಗೊಂಚಲು ಉದ್ದ, ಇಳುವರಿ ಧಾರಾಳ, ಯಾವ ಮಣ್ಣಿಗೂ ಮುಖ ಸಿಂಡರಿಸದು. ಫ್ರಾನ್ಸಿನವರು ಅದನ್ನು ಉನ್ಯಿ ಬ್ಲಾಂ ಎಂದು ಕರೆದು ಕೊನ್ಯಾಕ್ ಭಟ್ಟಿ ಇಳಿಸಲು ಬಳಸುತ್ತಾರೆ. ಭಟ್ಟಿಗೆ ಅದು ಸರಿ. ಗ್ಲಾಸಿಗೆ ಬಂದರೆ, ನನ್ನ ನಾಲಿಗೆಯ ಮಟ್ಟಿಗೆ, ನಿಂಬೆಹುಳಿ ಹಿಂಡಿದ ತಣ್ಣೀರು. ಒಳ್ಳೆಯ ಕೈಯಲ್ಲಿ ತ್ರೆಬ್ಬಿಯಾನೊ ಬೇರೆಯಾಗುತ್ತದೆ ಎಂದು ವಾದಿಸುವವರ ಬಾಟಲಿಗಳನ್ನೂ ಕುಡಿದು ಈ ಮಾತು ಹೇಳುತ್ತಿದ್ದೇನೆ.

ಇಪ್ಪತ್ತನೆಯ ಶತಮಾನದ ನಡುಭಾಗಕ್ಕೆ ಪೆಕೊರಿನೊ ಎಂದರೆ ಅಲ್ಲೊಂದು ಸಾಲಿನ ನಡುವೆ, ಇಲ್ಲೊಂದು ಬೇಲಿಯ ಅಂಚಿನಲ್ಲಿ ಉಳಿದ ಒಂಟಿ ಬಳ್ಳಿ. ಹೊರಗಿನವರಿಗೆ ಮಾರ್ಕೆಯ ಬಿಳಿ ವೈನ್ ಎಂದರೆ ವೆರ್ದಿಕ್ಯೊ ಒಂದೇ. 1950ರ ದಶಕದಲ್ಲಿ ಫಾತ್ಸಿ ಬತ್ತಾಲ್ಯಾ ಸಂಸ್ಥೆಯವರು ಅದನ್ನು ಪುರಾತನ ಜಾಡಿಯ ಆಕಾರದ ಹಸಿರು ಬಾಟಲಿಯಲ್ಲಿ ತುಂಬಿ ದೇಶವಿದೇಶಕ್ಕೆ ಕಳಿಸಿದ್ದರು. ಬಾಟಲಿಯ ಸೊಂಟ ನೋಡಿಯೇ ಜನ ಕೊಳ್ಳುತ್ತಿದ್ದ ಕಾಲ ಅದು.

ಇಲ್ಲಿಗೆ ಗ್ವಿದೊ ಕೊಚ್ಚಿ ಗ್ರಿಫೊನಿ ಬರುತ್ತಾರೆ. ಅವರ ಊರು ರಿಪಾತ್ರಾನ್ಸೊನೆ, ಮಾರ್ಕೆಯ ದಕ್ಷಿಣ ತುದಿಯಲ್ಲಿ ಗುಡ್ಡದ ನೆತ್ತಿಯ ಮೇಲೆ ಕುಳಿತ ಪೇಟೆ. ಇಟಲಿಯ ಅತಿ ಇಕ್ಕಟ್ಟಾದ ಓಣಿ ನಮ್ಮಲ್ಲಿದೆ ಎಂದು ಊರಿನವರು ಹೆಮ್ಮೆಯಿಂದ ತೋರಿಸುತ್ತಾರೆ. 43 ಸೆಂಟಿಮೀಟರ್ ಅಗಲ, ಹೊಟ್ಟೆ ಬಂದವರು ಅಡ್ಡಡ್ಡ ಹೋಗಬೇಕು. ಗುಡ್ಡದ ಮೇಲೆ ನಿಂತರೆ ಪೂರ್ವಕ್ಕೆ ಏಡ್ರಿಯಾಟಿಕ್ ಸಮುದ್ರ, ಪಶ್ಚಿಮಕ್ಕೆ ಸಿಬಿಲ್ಲಿನಿ ಬೆಟ್ಟಸಾಲು. ಅವರ ಕಾಲಕ್ಕೆ ಮೆದ್ಸಾದ್ರಿಯಾ ಆಗಲೇ ಕೊನೆಯುಸಿರು ಎಳೆಯುತ್ತಿತ್ತು. 1964ರ ಕಾನೂನು ಹೊಸ ಕರಾರುಗಳನ್ನು ನಿಷೇಧಿಸಿತ್ತು. ಒಕ್ಕಲುಗಳು ಊರು ಬಿಟ್ಟು ಕಾರ್ಖಾನೆಗಳಿಗೆ ಹೋಗಿದ್ದರು. ಸುತ್ತಮುತ್ತ ಬೆಳೆದ ದ್ರಾಕ್ಷಿಯೆಲ್ಲ ಪೀಪಾಯಿಗಟ್ಟಲೆ ಹೆಸರಿಲ್ಲದ ವೈನ್ ಆಗಿ ಮಾರಾಟವಾಗುತ್ತಿದ್ದಾಗ ಕೊಚ್ಚಿ ಗ್ರಿಫೊನಿ ಸ್ವಂತ ಹೆಸರಿನಲ್ಲಿ ಬಾಟಲಿ ತುಂಬಲು ಹೊರಟವರು. ಅವರ ಕೆಂಪು ವೈನ್, ಅಂದರೆ ರೊಸ್ಸೊ ಪಿಚೇನೊ, ಚೆನ್ನಾಗಿತ್ತು. ಬಿಳಿಯದರ ವಿಷಯಕ್ಕೆ ಬಂದರೆ ಊರಿಗೆ ಊರೇ ತ್ರೆಬ್ಬಿಯಾನೊ.

ಆ ಕಾಲದಲ್ಲಿ ಮುಂದುವರಿದ ಬೆಳೆಗಾರನೆಂದು ಕರೆಸಿಕೊಳ್ಳಲು ಸುಲಭದ ಉಪಾಯವೊಂದಿತ್ತು: ಫ್ರಾನ್ಸಿನ ಶಾರ್ಡೊನೆ ತರಿಸಿ ನೆಡುವುದು. ಇಟಲಿಯುದ್ದಕ್ಕೂ ಸಾವಿರಾರು ಜನ ಮಾಡಿದರು, ಕೆಲವರು ದುಡ್ಡನ್ನೂ ಮಾಡಿದರು. ಕೊಚ್ಚಿ ಗ್ರಿಫೊನಿ ಮಾತ್ರ ಈ ಸೀಮೆಯದೇ ಆದ ಬಿಳಿ ದ್ರಾಕ್ಷಿ ಯಾವುದಿತ್ತು ಎಂದು ಹುಡುಕಲು ಕುಳಿತರು. ಹಳೆಯ ಬರಹಗಳಲ್ಲಿ ಪೆಕೊರಿನೊ ಹೆಸರು ಸಿಗುತ್ತಿತ್ತು. ಗಿಡ ಸಿಗಬೇಕಲ್ಲ. 1980ರ ದಶಕದ ಆರಂಭದಲ್ಲಿ ಸುದ್ದಿ ಬಂತು: ಬೆಟ್ಟದ ಮೇಲೆ, ಆರ್ಕ್ವಾತಾ ದೆಲ್ ತ್ರೊಂತೊ ಕಡೆಯಲ್ಲಿ, ವಯಸ್ಸಾದ ರೈತರೊಬ್ಬರ ತೋಟದಲ್ಲಿ ಆ ಬಳ್ಳಿ ಇನ್ನೂ ಇದೆ.

ಆರ್ಕ್ವಾತಾಕ್ಕೆ ಹೋಗುವ ದಾರಿ ವಿಯಾ ಸಲಾರಿಯಾ, ರೋಮನ್ನರ ಉಪ್ಪಿನ ದಾರಿ. ಇಲ್ಲಿ ಅದು ತ್ರೊಂತೊ ನದಿಯ ಕಣಿವೆಯಲ್ಲಿ ಸಾಗುತ್ತದೆ. ಕರಾವಳಿ ಬಿಟ್ಟು, ಬಿಳಿ ಕಲ್ಲಿನ ಅಸ್ಕೋಲಿ ಪಿಚೇನೊ ಪಟ್ಟಣ ದಾಟಿದ ಮೇಲೆ ಕಣಿವೆ ಕಿರಿದಾಗುತ್ತದೆ, ದ್ರಾಕ್ಷಿ ತೋಟಗಳು ಮುಗಿದು ಚೆಸ್ಟ್‌ನಟ್ ಕಾಡು ಶುರುವಾಗುತ್ತದೆ. ಒಂದು ಬದಿಗೆ ಸಿಬಿಲ್ಲಿನಿ, ಇನ್ನೊಂದು ಬದಿಗೆ ಲಾಗಾ ಬೆಟ್ಟಗಳು, ನಡುವೆ ಹಳೆಯ ಕೋಟೆಯ ಕೆಳಗೆ ಆರ್ಕ್ವಾತಾ. ಚಳಿಗಾಲದಲ್ಲಿ ಹಿಮ ಬೀಳುವ ಊರು. ಕೊಚ್ಚಿ ಗ್ರಿಫೊನಿ ಹೋದ ತೋಟ ಇದ್ದದ್ದು ಸುಮಾರು ಸಾವಿರ ಮೀಟರ್ ಎತ್ತರದಲ್ಲಿ. ವೈನ್ ಬೆಳೆಗಾರರು ಸಾಮಾನ್ಯವಾಗಿ ತಲೆ ಹಾಕದ ಎತ್ತರ ಅದು.

ಅಲ್ಲೇ ಏಕೆ ಉಳಿಯಿತು ಎಂಬುದು ಈ ಕತೆಯಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ ಪ್ರಶ್ನೆ. ಪುಣ್ಯವಶಾತ್ ಉಳಿಯಿತು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಒಂದನೆಯದು, ಆ ಎತ್ತರದಲ್ಲಿ ತ್ರೆಬ್ಬಿಯಾನೊ ಹಣ್ಣಾಗುವುದೇ ಕಷ್ಟ. ಅದು ತಡವಾಗಿ ಮಾಗುವ ತಳಿ, ಬೆಟ್ಟದ ಮೇಲೆ ಅಷ್ಟರೊಳಗೆ ಚಳಿ ಬಂದುಬಿಡುತ್ತದೆ. ಕೆಳಗಿನ ಗುಡ್ಡಗಳಲ್ಲಿ ಯಾವ ಗುಣ ದೋಷವಾಗಿತ್ತೋ, ಆ ಬೇಗ ಮಾಗುವ ಗುಣವೇ ಮೇಲೆ ಪೆಕೊರಿನೊವನ್ನು ಕಾಪಾಡಿತು. ಎರಡನೆಯದು, ಮೆದ್ಸಾದ್ರಿಯಾ ಬೇರು ಬಿಟ್ಟದ್ದು ಗುಡ್ಡ ಮತ್ತು ಕಣಿವೆಗಳಲ್ಲಿ. ಎತ್ತರದ ಬೆಟ್ಟದೂರುಗಳಲ್ಲಿ ಇದ್ದದ್ದು ಹೆಚ್ಚಾಗಿ ಸಣ್ಣ ಸಣ್ಣ ಸ್ವಂತ ಹಿಡುವಳಿ, ಜೊತೆಗೆ ಊರೊಟ್ಟಿನ ಕಾಡು ಮತ್ತು ಹುಲ್ಲುಗಾವಲು. ಸ್ವಂತ ತುಂಡು ಭೂಮಿಯಲ್ಲಿ ಮನೆಗೆ ಬೇಕಾದ ವೈನ್ ಮಾಡಿಕೊಳ್ಳುವವನು ಯಾರಿಗೂ ಪಾಲು ಕೊಡಬೇಕಿಲ್ಲ. ಬಳ್ಳಿ ಕಡಿಮೆ ಬಿಟ್ಟರೆ ನಷ್ಟ ಅವನೊಬ್ಬನದು, ರುಚಿಯೂ ಅವನೊಬ್ಬನದು. ಕುರಿಗಳ ಕತೆ ಚಂದವಾಗಿದೆ ನಿಜ, ಆದರೆ ಪೆಕೊರಿನೊ ಉಳಿದದ್ದರ ಹಿಂದೆ ಹವೆ ಮತ್ತು ಹಕ್ಕುಪತ್ರ ಇವೆ.

ಕೊಚ್ಚಿ ಗ್ರಿಫೊನಿ ಆ ತೋಟದಿಂದ ಕಡ್ಡಿ ತಂದರು. 1983ರಲ್ಲಿ ರಿಪಾತ್ರಾನ್ಸೊನೆಯ ತಮ್ಮ ಜಮೀನಿನಲ್ಲಿ ಕಸಿಮಾಡಿ ಬೆಳೆಸಿದರು. ಅದರ ಹಿಂದಿನ ವರ್ಷವಷ್ಟೇ, 1982ರಲ್ಲಿ, ಅಳಿದುಳಿದ ಪಾಲು ಕರಾರುಗಳನ್ನು ಹಣದ ಗೇಣಿಗೆ ಬದಲಾಯಿಸುವ ಕಾನೂನು ಇಟಲಿಯಲ್ಲಿ ಬಂದಿತ್ತು. ಎರಡಕ್ಕೂ ನಂಟು ಕಲ್ಪಿಸಬೇಕಾಗಿಲ್ಲ. ಆದರೂ ಯಾವ ವ್ಯವಸ್ಥೆ ಈ ಬಳ್ಳಿಯನ್ನು ಕೆಳಗಿನಿಂದ ಓಡಿಸಿತ್ತೋ ಅದು ಕಾಗದದ ಮೇಲೂ ಮುಗಿದ ಹೊತ್ತಿಗೇ ಬಳ್ಳಿ ಕೆಳಗಿಳಿದು ಬಂದದ್ದನ್ನು ಗಮನಿಸದೆ ಇರಲಾಗುವುದಿಲ್ಲ.

ಕಸಿ ಹಿಡಿದರೆ ಕತೆ ಮುಗಿಯುವುದಿಲ್ಲ. ಬಳ್ಳಿ ಕೈಗೆ ಬರಲು ಮೂರು ನಾಲ್ಕು ವರ್ಷ. ಬೆಟ್ಟದ ಚಳಿಯಲ್ಲಿ ಬೆಳೆದದ್ದು ಸಮುದ್ರದ ಗಾಳಿಯ ಬೆಚ್ಚನೆಯ ಗುಡ್ಡದಲ್ಲಿ ಹೇಗೆ ನಡೆದುಕೊಳ್ಳುತ್ತದೆ, ಎಂದು ಕೊಯ್ಯಬೇಕು, ಎಷ್ಟು ಉದ್ದ ಕಡ್ಡಿ ಬಿಡಬೇಕು, ಎಲ್ಲವನ್ನೂ ಹೊಸದಾಗಿ ಕಲಿಯಬೇಕು. ಬೆಚ್ಚಗಿನ ಕಡೆ ಪೆಕೊರಿನೊದ ಸಕ್ಕರೆ ಓಡುತ್ತದೆ. ನಾಲ್ಕು ದಿನ ತಡವಾದರೆ ಆಲ್ಕೊಹಾಲ್ 14 ಶೇಕಡಾ ದಾಟಿ ವೈನ್ ತಲೆಗೇರುವಂತಾಗುತ್ತದೆ. ಅದರ ದೊಡ್ಡಗುಣವೆಂದರೆ ಸಕ್ಕರೆ ಏರಿದರೂ ಹುಳಿ ಬೇಗ ಇಳಿಯುವುದಿಲ್ಲ. ಬಿಳಿ ದ್ರಾಕ್ಷಿಗಳಲ್ಲಿ ಈ ಎರಡೂ ಒಟ್ಟಿಗೆ ಸಿಗುವುದು ಅಪರೂಪ. ತ್ರೆಬ್ಬಿಯಾನೊಗೆ ಹುಳಿ ಇದೆ, ಮೈ ಇಲ್ಲ. ಮೈ ಇರುವ ಎಷ್ಟೋ ದ್ರಾಕ್ಷಿಗಳಲ್ಲಿ ಹುಳಿ ಇರುವುದಿಲ್ಲ.

ಈ ನಡುವೆ 1986ರಲ್ಲಿ ಇಟಲಿಯ ವೈನ್ ಉದ್ಯಮವೇ ತಲೆ ತಗ್ಗಿಸುವಂಥದ್ದು ನಡೆಯಿತು. ಅಗ್ಗದ ವೈನ್‌ಗೆ ಮೆಥನಾಲ್ ಬೆರೆಸಿ ಮಾರಿದ್ದರಿಂದ ಇಪ್ಪತ್ತರಷ್ಟು ಜನ ಸತ್ತರು, ಹಲವರು ಕಣ್ಣು ಕಳೆದುಕೊಂಡರು. ಪಾತ್ರೆಗಟ್ಟಲೆ ಮಾರುವ ವೈನ್ ಮೇಲೆ ಜನರ ನಂಬಿಕೆ ಕುಸಿಯಿತು. ಯಾರ ತೋಟ, ಯಾವ ದ್ರಾಕ್ಷಿ, ಯಾವ ವರ್ಷ ಎಂದು ಕೇಳುವ ಗಿರಾಕಿಗಳು ಹೆಚ್ಚಿದರು. ಕಡಿಮೆ ಬಿಟ್ಟು ಹೆಚ್ಚು ರುಚಿ ಕೊಡುವ ಬಳ್ಳಿಗೆ ಮೊದಲ ಬಾರಿ ಲೆಕ್ಕದ ಪುಸ್ತಕದಲ್ಲಿ ಜಾಗ ಸಿಕ್ಕಿತು.

1990ರ ಸುಗ್ಗಿಯ ಪೆಕೊರಿನೊವನ್ನು ಕೊಚ್ಚಿ ಗ್ರಿಫೊನಿ ಬಾಟಲಿಗೆ ತುಂಬಿದರು. ಹೆಸರು ಕೊಲ್ಲೆ ವೆಕ್ಕ್ಯೊ. ಕಡ್ಡಿ ನೆಟ್ಟು ಆಗಲೇ ಏಳು ವರ್ಷವಾಗಿತ್ತು. ಅದೇ ಜಾಗದಲ್ಲಿ ತ್ರೆಬ್ಬಿಯಾನೊ ಬೆಳೆದಿದ್ದರೆ ಎಷ್ಟು ಪೀಪಾಯಿ ತುಂಬುತ್ತಿತ್ತೆಂದು ಲೆಕ್ಕ ಹಾಕುತ್ತಾ ಕುಳಿತವರಿಂದ ಇಂಥ ಕೆಲಸ ಆಗುವುದಿಲ್ಲ.

ದಕ್ಷಿಣಕ್ಕೆ, ಗಡಿಯಾಚೆಯ ಅಬ್ರುಝೊ ಪ್ರಾಂತ್ಯದಲ್ಲಿ ಕತೆಗೆ ಇನ್ನೊಬ್ಬ ನಾಯಕ ಸಿಗುತ್ತಾರೆ. ಲುಯಿಜಿ ಕತಾಲ್ದಿ ಮದೊನ್ನಾ ವೃತ್ತಿಯಿಂದ ತತ್ತ್ವಶಾಸ್ತ್ರದ ಪ್ರಾಧ್ಯಾಪಕರು, ಲಾಕ್ವಿಲಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದವರು. ತೋಟ ಇದ್ದದ್ದು ಓಫೆನಾದಲ್ಲಿ. ಗ್ರಾನ್ ಸಾಸ್ಸೊ ಶಿಖರದ ಬುಡದ ಆ ಬಟ್ಟಲಿಗೆ ಅಬ್ರುಝೊದ ಒಲೆ ಎಂದೇ ಅಡ್ಡಹೆಸರು: ಹಗಲು ಉರಿಬಿಸಿಲು, ರಾತ್ರಿ ಬೆಟ್ಟದಿಂದ ಇಳಿಯುವ ಶೀತ. ಹಗಲು ಸಕ್ಕರೆ ತುಂಬುವುದಕ್ಕೆ, ರಾತ್ರಿ ಹುಳಿ ಉಳಿಯುವುದಕ್ಕೆ. ಇವರು 1996ರ ಸುಗ್ಗಿಯ ಬಾಟಲಿಯ ಮೇಲೆ ನೇರವಾಗಿ ಪೆಕೊರಿನೊ ಎಂದು ಅಚ್ಚು ಹಾಕಿಸಿದರು. ಚೀಸಿನ ಹೆಸರು ಹೊತ್ತ ವೈನ್ ಮಾರುವುದಕ್ಕೆ ತತ್ತ್ವಜ್ಞಾನಿಯೇ ಬೇಕಿತ್ತೇನೊ. ಆಮೇಲೆ ಅಬ್ರುಝೊದವರು ಇದು ನಮ್ಮದು ಎಂದರು, ಮಾರ್ಕೆಯವರು ನಮ್ಮದು ಎಂದರು. ಜಗಳ ಇನ್ನೂ ಇದೆ. ಪ್ರಾಂತ್ಯಗಳ ಗಡಿ ಕುರಿಗಳಿಗೆ ಗೊತ್ತಿರಲಿಲ್ಲವಾದ್ದರಿಂದ ನಾನು ಯಾರ ಪರವೂ ಅಲ್ಲ.

ಸರಕಾರಿ ಮುದ್ರೆ ನಿಧಾನವಾಗಿ ಬಂತು. 2001ರಲ್ಲಿ ಓಫಿದಾ ಹೆಸರಿನಲ್ಲಿ ಡಿಒಸಿ ಮಾನ್ಯತೆ, 2011ರಲ್ಲಿ ಅದಕ್ಕಿಂತ ಮೇಲಿನ ಡಿಒಸಿಜಿ. ಓಫಿದಾ ರಿಪಾತ್ರಾನ್ಸೊನೆಯ ನೆರೆಯೂರು. ಅಲ್ಲಿ ಹೆಂಗಸರು ಮರದ ಕಡ್ಡಿಗಳಿಗೆ ದಾರ ಸುತ್ತಿ ದಿಂಬಿನ ಮೇಲೆ ಲೇಸ್ ನೇಯುವ ಕಸುಬು ಹೆಸರುವಾಸಿ. ಡಿಒಸಿಜಿ ನಿಯಮದ ಪ್ರಕಾರ ಓಫಿದಾ ಪೆಕೊರಿನೊದಲ್ಲಿ ಕನಿಷ್ಠ 85 ಶೇಕಡಾ ಪೆಕೊರಿನೊ ದ್ರಾಕ್ಷಿಯೇ ಇರಬೇಕು. ಕೊಚ್ಚಿ ಗ್ರಿಫೊನಿ 2010ರಲ್ಲಿ ತೀರಿಕೊಂಡರು, ಡಿಒಸಿಜಿ ಮುದ್ರೆಯನ್ನು ಕಾಣಲಿಲ್ಲ. ಹೆಣ್ಣುಮಕ್ಕಳು ತೋಟ ನಡೆಸುತ್ತಿದ್ದಾರೆ.

ಇನ್ನು ರುಚಿ. ಪೆಕೊರಿನೊದ ಬಣ್ಣ ತೆಳು ಹುಲ್ಲಿನ ಹಳದಿ, ನೋಡಿದರೆ ಏನೂ ಅನ್ನಿಸುವುದಿಲ್ಲ. ಮೂಗಿಗೆ ಮೊದಲು ಪೇರುಹಣ್ಣು, ನಿಂಬೆಸಿಪ್ಪೆ. ಸ್ವಲ್ಪ ತಡೆದರೆ ಅದರ ನಿಜವಾದ ಗುರುತು ಬರುತ್ತದೆ: ಕಾಡುಸೊಪ್ಪಿನ ವಾಸನೆ, ಪುದೀನ, ಥೈಮ್, ಎಲ್ಲೋ ಹಿಂದೆ ಸೋಂಪು. ಬಾಯಿಗೆ ಬಂದಾಗ ಬಿಳಿ ವೈನ್‌ನಿಂದ ನಿರೀಕ್ಷಿಸದ ಭಾರ ಇದೆ, ಭಾರದ ಹಿಂದೆಯೇ ಚುರುಕಾದ ಹುಳಿ ಬಂದು ನಾಲಿಗೆಯನ್ನು ತೊಳೆಯುತ್ತದೆ. ಕೊನೆಗೆ ತುಟಿಯ ಮೇಲೆ ತುಸು ಉಪ್ಪು. ಸಿಹಿ ಇಲ್ಲವೇ ಇಲ್ಲ. ಸಿಹಿ ಬಯಸುವವರು ಬೇರೆ ಬಾಟಲಿ ನೋಡಿಕೊಳ್ಳುವುದು ಒಳ್ಳೆಯದು. ಅಸ್ಕೋಲಿಯಲ್ಲಿ ಇದಕ್ಕೆ ಜೊತೆಯಾಗಿ ಬರುವುದು ದಪ್ಪ ಹಸಿರು ಆಲಿವ್ ಕಾಯಿಯ ಬೀಜ ತೆಗೆದು, ಒಳಗೆ ಮಾಂಸ ತುಂಬಿ, ಬ್ರೆಡ್ ಪುಡಿಯಲ್ಲಿ ಹೊರಳಿಸಿ ಎಣ್ಣೆಯಲ್ಲಿ ಕರಿದ ತಿಂಡಿ. ಕರಾವಳಿಯ ಸಾನ್ ಬೆನೆದೆತ್ತೊದಲ್ಲಿ ಹಸಿರು ಟೊಮೆಟೊ, ದೊಣ್ಣೆಮೆಣಸಿನಕಾಯಿ, ವಿನೆಗರ್ ಹಾಕಿ ಕುದಿಸಿದ ಮೀನಿನ ಸಾರು. ವಿನೆಗರ್ ಬಿದ್ದ ಅಡುಗೆಯ ಮುಂದೆ ಬಹಳ ವೈನ್‌ಗಳು ಸೋಲುತ್ತವೆ, ಇದು ನಿಲ್ಲುತ್ತದೆ. ನಮ್ಮ ಕರಾವಳಿಯ ಹುಣಸೆಹುಳಿಯ ಮೀನುಗಸಿಯ ಎದುರಿಗೂ ನಿಂತೀತು ಎಂದು ನನ್ನ ಅಂದಾಜು, ಮೆಣಸಿನ ಕೈ ಸ್ವಲ್ಪ ಹಿಂದಿದ್ದರೆ.

ಮತ್ತೆ ಬಳ್ಳಿ ಉಳಿದಿದ್ದ ಬೆಟ್ಟಕ್ಕೆ ಬರೋಣ. 2016ರ ಆಗಸ್ಟ್ 24ರ ನಸುಕಿನಲ್ಲಿ ಮಧ್ಯ ಇಟಲಿಯ ಬೆಟ್ಟಗಳಲ್ಲಿ ಭೂಮಿ ನಡುಗಿತು. ಸುಮಾರು 300 ಜನ ಸತ್ತರು, ಆರ್ಕ್ವಾತಾ ವ್ಯಾಪ್ತಿಯಲ್ಲೇ ಐವತ್ತರಷ್ಟು ಮಂದಿ. ಅದರ ಪೆಸ್ಕಾರಾ ದೆಲ್ ತ್ರೊಂತೊ ಎಂಬ ಹಳ್ಳಿ ನೆಲಸಮವಾಯಿತು. ಅಕ್ಟೋಬರ್ 30ರಂದು ಬಂದ ಇನ್ನೂ ದೊಡ್ಡ ಕಂಪನ ಆರ್ಕ್ವಾತಾದ ಹಳೆಯ ಊರಲ್ಲಿ ನಿಂತಿದ್ದ ಗೋಡೆಗಳನ್ನೂ ಕೆಡವಿತು. ಬೆಟ್ಟದಲ್ಲಿ ಮೊದಲೇ ಜನ ಕಡಿಮೆಯಾಗಿದ್ದರು, ಆಮೇಲೆ ಎಷ್ಟೋ ಕುಟುಂಬಗಳು ಕರಾವಳಿಯ ಹೋಟೆಲುಗಳಿಗೆ, ತಾತ್ಕಾಲಿಕ ಮನೆಗಳಿಗೆ ಇಳಿದವು. 1980ರ ದಶಕದಲ್ಲಿ ಆ ಕಡ್ಡಿಗಳನ್ನು ಯಾರೂ ಕೆಳಗೆ ತಂದಿರದಿದ್ದರೆ, ಆಮೇಲೆ ಹುಡುಕಿಕೊಂಡು ಹೋಗುವವನಿಗೆ ದಾರಿ ತೋರಿಸಲು ಮನುಷ್ಯರೇ ಸಿಗುತ್ತಿರಲಿಲ್ಲವೇನೊ.

ಆವಿಷ್ಕಾರದ ಕೀರ್ತಿಯೆಲ್ಲ ಕೊಚ್ಚಿ ಗ್ರಿಫೊನಿಯವರಿಗೆ ಸಂದಿದೆ. ಅದರಲ್ಲಿ ಅನ್ಯಾಯವೇನೂ ಇಲ್ಲ, ಏಳು ವರ್ಷ ಕಾದವರು ಅವರು. ಆದರೆ ಪೆಕೊರಿನೊ ಕಳೆದುಹೋಗಿದ್ದದ್ದು ಕೆಳಗಿನವರ ಪಾಲಿಗೆ ಮಾತ್ರ. ಮೇಲಿದ್ದ ಮುದುಕನಿಗೆ ಅದು ತನ್ನ ಮನೆಯ ಬಳ್ಳಿ. ಕಿತ್ತು ಆಲೂಗಡ್ಡೆ ಹಾಕಬಹುದಿತ್ತು, ಹಾಕಲಿಲ್ಲ. ಅರ್ಧ ಕೀರ್ತಿ ಅವನಿಗೆ ಕೊಡಬೇಕು. ಈ ಸಲ ಪಾಲು ಸರಿಯಾಗಿರುತ್ತದೆ.

ಯುರೋಪಿನಲ್ಲಿರುವ ಕನ್ನಡಿಗರಿಗೆ ಈ ವೈನ್ ಸಾಧಾರಣ ಬೆಲೆಗೇ ಸಿಗುತ್ತದೆ. ನಮ್ಮಲ್ಲಿಗೆ ಬರುವಷ್ಟರಲ್ಲಿ ಆಮದು ಸುಂಕ ಸೇರಿ ಜೇಬಿಗೆ ಭಾರ. ಕೊಳ್ಳುವಾಗ ಲೇಬಲ್ಲಿನ ಮೇಲೆ ಓಫಿದಾ ಪೆಕೊರಿನೊ ಅಥವಾ ಅಬ್ರುಝೊ ಪೆಕೊರಿನೊ ಎಂದಿದೆಯೇ ನೋಡಿ. ಫ್ರಿಜ್ಜಿನಿಂದ ತೆಗೆದ ಕೂಡಲೇ ಸುರಿಯಬೇಡಿ, ಅಷ್ಟು ತಣ್ಣಗಿದ್ದರೆ ಸೊಪ್ಪಿನ ವಾಸನೆ ಏಳುವುದಿಲ್ಲ. ಹನ್ನೆರಡು ಡಿಗ್ರಿಯ ಆಸುಪಾಸು ಸರಿ. ಎರಡು ಬಾಟಲಿ ಕೊಳ್ಳುವ ಅನುಕೂಲವಿದ್ದರೆ ಒಂದನ್ನು ಈಗ ತೆರೆಯಿರಿ, ಇನ್ನೊಂದನ್ನು ತಂಪಾದ ಕತ್ತಲೆ ಜಾಗದಲ್ಲಿ ನಾಲ್ಕು ವರ್ಷ ಮಲಗಿಸಿಡಿ. ಬಿಳಿ ವೈನ್ ಇಟ್ಟರೆ ಕೆಡುತ್ತದೆ ಎಂಬ ಮಾತು ಇದಕ್ಕೆ ಹೊಂದುವುದಿಲ್ಲ.